ಹತ್ತು ಗಂಟೆಗೆ ಮುಗಿಯುವ ರಾತ್ರಿ

ಗೋವಾದಲ್ಲಿ ಬಯಲಿಗೆ ಹಾಕಿದ ಸ್ಪೀಕರು ರಾತ್ರಿ ಹತ್ತಕ್ಕೆ ಸುಮ್ಮನಾಗಬೇಕು. ಹುಬ್ಬಳ್ಳಿ, ಬೆಳಗಾವಿ, ಬೆಂಗಳೂರಿನಿಂದ ವಾರದ ಕೊನೆಗೆ ಬಸ್ಸು ಹತ್ತುವವರಿಗೆ ಇದು ಗೊತ್ತಿರುವ ಮಾತೇ. ಸಂಜೆ ಶುರು, ಹತ್ತಕ್ಕೆ ಬಂದ್, ಆಮೇಲೂ ಕುಣಿಯಬೇಕೆನ್ನುವವರು ಬಾಗಿಲು ಮುಚ್ಚಿದ ಕ್ಲಬ್ಬಿಗೆ ಹೋಗಬೇಕು. ಆದರೆ ಆ ನೆಲದ ಹೆಸರನ್ನೇ ಹೊತ್ತ ಗೋವಾ ಟ್ರಾನ್ಸ್ ಎಂಬ ಎಲೆಕ್ಟ್ರಾನಿಕ್ ಕುಣಿತದ ಸಂಗೀತ ಬೆಳೆದದ್ದು ಹತ್ತು ಗಂಟೆಯ ಆಚೆಗಿನ ಹೊತ್ತಿನಲ್ಲಿ. ಅದರ ಒಂದೊಂದು ಹಾಡನ್ನೂ ಉದ್ದನೆಯ ರಾತ್ರಿಯ ಅಳತೆ ತೆಗೆದುಕೊಂಡೇ ಹೊಲಿದದ್ದು. ಈಗ ರಾತ್ರಿ ಗಿಡ್ಡವಾಗಿದೆ.

ಕೇಳದವರಿಗೆ ಮೊದಲು ಸಹಜವಾಗಿ ಏಳುವ ಪ್ರಶ್ನೆಯಿಂದ ಶುರು ಮಾಡೋಣ. ಈ ಹಾಡುಗಳು ಎಂಟು, ಒಂಬತ್ತು ನಿಮಿಷ ಯಾಕೆ? ತಾಳ ಬರುವುದಕ್ಕೆ ಮೊದಲು ಒಂದು ನಿಮಿಷ ಬರೀ ಗಾಳಿ, ಗುಂಯ್‌ಗುಡುವ ಶ್ರುತಿ, ಎಲ್ಲಿಂದಲೋ ಬಂದ ಮಾತು ಯಾಕೆ? ಕೊನೆಯಲ್ಲೂ ತಾಳ ನಿಂತ ಮೇಲೆ ಅದೇ ಗಾಳಿ ಯಾಕೆ? ಕಾರಣ ಹುಡುಕಿಕೊಂಡು ಹೋದರೆ ಒಂದು ಸಣ್ಣ ಟೇಪಿನ ಹತ್ತಿರ ಬಂದು ನಿಲ್ಲುತ್ತೇವೆ.

1960ರ ದಶಕದ ಕೊನೆಗೆ ಉತ್ತರ ಗೋವಾದ ಕಡಲೂರು ಅಂಜುನಾಕ್ಕೆ ಬಂದ ಹಿಪ್ಪಿಗಳದು ಗಿಟಾರು, ಡೋಲಿನ ಸಂಗೀತ. 1980ರ ದಶಕದ ಮೊದಲ ವರ್ಷಗಳಲ್ಲಿ ಫ್ರೆಂಚ್ ಡಿಜೆ ಲೋರಾಂ ಮತ್ತು ಅವರ ಜೊತೆಗಾರರು ಯುರೋಪಿನ ಎಲೆಕ್ಟ್ರಾನಿಕ್ ಸಂಗೀತವನ್ನು ಕ್ಯಾಸೆಟ್ಟಿನಲ್ಲಿ ತರತೊಡಗಿದರು. ಹಾಡುಗಾರಿಕೆ ಬಂದ ಕಡೆ ಕತ್ತರಿಸಿ, ವಾದ್ಯವಷ್ಟೇ ಇರುವ ತುಣುಕುಗಳನ್ನು ಜೋಡಿಸಿ ಹೊಸ ಕ್ಯಾಸೆಟ್ ಮಾಡುತ್ತಿದ್ದರು. ಬೇರೆ ಊರಿನ ಡಿಜೆಗಳ ಕೈಯಲ್ಲಿದ್ದ ಗ್ರಾಮಫೋನ್ ತಟ್ಟೆಗಳನ್ನು ಇಲ್ಲಿ ಬಳಸುವುದು ಕಷ್ಟವಿತ್ತು. ಬಿಸಿಲಿಗೆ ತಟ್ಟೆ ಬಾಗುತ್ತದೆ, ಮರಳಿನ ಕಣ ಸೂಜಿಗೆ ಸಿಕ್ಕಿ ಗೆರೆ ಕೆಡಿಸುತ್ತದೆ, ಕುಣಿತಕ್ಕೆ ನೆಲ ಅದುರಿದರೆ ಸೂಜಿ ಹಾರುತ್ತದೆ. ನೂರು ತಟ್ಟೆ ಹೊರುವ ತೂಕ ಬೇರೆ. ಸೋನಿಯ ವಾಕ್‌ಮನ್ ಪ್ರೊಫೆಷನಲ್‌ನಲ್ಲಿ ಟೇಪಿನ ವೇಗವನ್ನು ತುಸು ಏರಿಸಿ ಇಳಿಸುವ ಗುಂಡಿಯಿತ್ತು. ಹಾಗಾಗಿ ಕ್ಯಾಸೆಟ್ ಕಾಲದಲ್ಲಿ ಒಂದು ಹಾಡಿನ ತಾಳವನ್ನು ಇನ್ನೊಂದಕ್ಕೆ ಕೂಡಿಸಲು ಕಷ್ಟಪಟ್ಟಾದರೂ ಸಾಧ್ಯವಿತ್ತು.

1987ರಲ್ಲಿ ಡ್ಯಾಟ್ ಬಂತು, ಅಂದರೆ ಡಿಜಿಟಲ್ ಆಡಿಯೊ ಟೇಪ್. ಇಸ್ಪೀಟು ಕಟ್ಟಿಗಿಂತ ಚಿಕ್ಕ ಪೆಟ್ಟಿಗೆ, ಒಳಗೆ 4 ಮಿಲಿಮೀಟರ್ ಅಗಲದ ಟೇಪು, ಎರಡು ಗಂಟೆಯ ಧ್ವನಿಮುದ್ರಣ. ಟೇಪಿನ ಗುಸುಗುಸು ಸದ್ದಿಲ್ಲ, ನಕಲು ಮಾಡಿದಷ್ಟೂ ಮಸುಕಾಗುವ ತೊಂದರೆಯಿಲ್ಲ. ಲಂಡನ್ನಿನಲ್ಲೋ ಟೆಲ್ ಅವೀವ್‌ನಲ್ಲೋ ಮಾಡಿದ ಹಾಡನ್ನು ತಟ್ಟೆ ಅಚ್ಚಾಗುವುದಕ್ಕೆ ತಿಂಗಳುಗಟ್ಟಲೆ ಮೊದಲೇ ಟೇಪಿಗೆ ಇಳಿಸಿಕೊಂಡು ಅಂಜುನಾದಲ್ಲಿ ಹಾಕಬಹುದಿತ್ತು. ಡಿಜೆಗಳು ಪರಸ್ಪರ ಟೇಪು ಬದಲಾಯಿಸಿಕೊಳ್ಳುತ್ತಿದ್ದರು, ಯಾರ ಬಳಿ ಯಾವ ಹಾಡಿದೆ ಎಂಬುದೇ ಅವರ ಆಸ್ತಿ. ಸ್ಯಾನ್‌ಫ್ರಾನ್ಸಿಸ್ಕೊದಿಂದ ಬಂದು ಇಲ್ಲೇ ನೆಲೆನಿಂತ ಗೋವಾ ಗಿಲ್, 2023ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಲ್ಯಾಪ್‌ಟಾಪ್ ಕಾಲ ಬಂದ ಎಷ್ಟೋ ವರ್ಷಗಳ ಮೇಲೂ ಅವರು ಡ್ಯಾಟ್ ಬಿಡಲಿಲ್ಲ. ಅದರಿಂದಲೇ 24 ಗಂಟೆ ನುಡಿಸಿದ ಮನುಷ್ಯ ಅವರು.

ಆದರೆ ಹೆಚ್ಚಿನ ಡ್ಯಾಟ್ ಯಂತ್ರಗಳಲ್ಲಿ ವೇಗ ಬದಲಿಸುವ ಗುಂಡಿ ಇರಲಿಲ್ಲ. 143ರ ಲಯದ, ಅಂದರೆ ನಿಮಿಷಕ್ಕೆ 143 ಮಾತ್ರೆಯ, ಹಾಡಿನ ಮೇಲೆ 146ರ ಹಾಡನ್ನು ಕೂಡಿಸಿದರೆ ಹತ್ತೇ ಸೆಕೆಂಡಿನಲ್ಲಿ ಎರಡು ತಾಳ ಅರ್ಧ ಮಾತ್ರೆಯಷ್ಟು ಸರಿದು ಒಂದನ್ನೊಂದು ತುಳಿಯುತ್ತವೆ. ಹಾಗಾಗಿ ಇರುವ ದಾರಿ ಒಂದೇ, ತಾಳವಿಲ್ಲದ ಕಡೆ ಸೇರಿಸುವುದು. ಒಂದು ಹಾಡಿನ ಕೊನೆಯ ಗಾಳಿಯ ಮೇಲೆ ಮುಂದಿನ ಹಾಡಿನ ಮೊದಲ ಗಾಳಿ. ಹಾಡು ಕಟ್ಟುವವರು ಇದನ್ನು ತಿಳಿದೇ ಎರಡೂ ತುದಿಯಲ್ಲಿ ಜಾಗ ಬಿಡತೊಡಗಿದರು. ಮೈಮರೆಸುವ ಭಾವಕ್ಕೆಂದು ಈಗಿನವರು ಹೊಗಳುವ ಆ ಆರಂಭ, ಮೂಲದಲ್ಲಿ ಗುಂಡಿಯಿಲ್ಲದ ಯಂತ್ರದಿಂದ ಬಂದ ಅನಿವಾರ್ಯ. ಅದು ಚೆಲುವಾಗಿ ನಿಂತದ್ದು ಮಾಡಿದವರ ಕೈಚಳಕ.

ಉದ್ದಕ್ಕೆ ಇನ್ನೊಂದು ಕಾರಣ ರಾತ್ರಿಯೇ. ಹನ್ನೆರಡು ಗಂಟೆಯ ಕೂಟಕ್ಕೆ ಎಂಟು ನಿಮಿಷದಂತೆ ಸುಮಾರು 90 ಹಾಡು ಬೇಕು. ಅವು ಒಂದೇ ಬಣ್ಣದವಾಗಿದ್ದರೆ ಯಾರೂ ನಿಲ್ಲುವುದಿಲ್ಲ. ಮಧ್ಯರಾತ್ರಿಯವರೆಗೆ ಹಗುರ ಮತ್ತು ನಿಧಾನ. ಒಂದರಿಂದ ನಾಲ್ಕರವರೆಗೆ ಕತ್ತಲಿನ ಸಂಗೀತ, ರಾಗ ಕಡಿಮೆ, ಲೋಹ ಉಜ್ಜಿದಂಥ ಸದ್ದು ಹೆಚ್ಚು. ಪೂರ್ವಕ್ಕೆ ಬೆಳಕು ಬಿಟ್ಟಾಗ ಮೇಲಿನ ಸ್ಥಾಯಿಯ ರಾಗಗಳು ತೆರೆದುಕೊಳ್ಳುತ್ತವೆ. ಅದಕ್ಕೆ ಬೆಳಗಿನ ಸಂಗೀತ ಎಂದೇ ಹೆಸರು. ಸಂಗೀತ ಕಛೇರಿ ಕೇಳುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಯಾವ ಹೊತ್ತಿಗೆ ಯಾವ ರಾಗ ಎಂಬ ಮಾತು ನಮ್ಮದೇ. ಸ್ವರಗಳೂ ಅಷ್ಟು ದೂರದವಲ್ಲ. ಈ ಹಾಡುಗಳಲ್ಲಿ ಹೆಚ್ಚಾಗಿ ಬರುವ ಫ್ರಿಜಿಯನ್ ಎಂಬ ಸ್ವರಶ್ರೇಣಿಯನ್ನು ನಮ್ಮ ಮೇಳಕರ್ತದ ಲೆಕ್ಕಕ್ಕೆ ಇಟ್ಟರೆ ಹನುಮತೋಡಿ. ಅದರ ಗಾಂಧಾರವನ್ನು ಅಂತರ ಗಾಂಧಾರ ಮಾಡಿದರೆ ವಕುಳಾಭರಣ. ಗಮಕವಿಲ್ಲದ್ದರಿಂದ ಅದು ತೋಡಿ ಆಗುವುದಿಲ್ಲ, ಸ್ವರಗಳ ಮೆಟ್ಟಿಲಷ್ಟೇ ಒಂದು. ಗಮಕದ ಕೆಲಸವನ್ನು ಸ್ವಲ್ಪಮಟ್ಟಿಗೆ ರೋಲ್ಯಾಂಡ್ ಟಿಬಿ-303 ಎಂಬ ಯಂತ್ರ ಮಾಡುತ್ತದೆ. ಹದಿನಾರು ಹೆಜ್ಜೆಯ ಸ್ವರಮಾಲೆ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಸೌಲಭ್ಯ, ಬೇಕಾದ ಸ್ವರಕ್ಕೆ ಒತ್ತು. ಸದ್ದನ್ನು ಮಂಕಿನಿಂದ ಹರಿತಕ್ಕೆ ತೆರೆಯುವ ಅದರ ಫಿಲ್ಟರ್ ಗುಂಡಿಯನ್ನು 64 ಆವರ್ತನದ (ನಾಲ್ಕು ಮಾತ್ರೆಗೆ ಒಂದು ಆವರ್ತನ) ಉದ್ದಕ್ಕೂ ಎಳ್ಳೆಳ್ಳಾಗಿ ತಿರುಗಿಸಬೇಕು. 145ರ ಲಯದಲ್ಲಿ ಅದು ಹತ್ತಿರ ಹತ್ತಿರ ಒಂದೂಮುಕ್ಕಾಲು ನಿಮಿಷ. ಅವಸರ ಮಾಡಿ ಹದಿನಾರು ಆವರ್ತನಕ್ಕೇ ತೆರೆದರೆ ಸದ್ದು ಬದಲಾಗುತ್ತದೆ, ಕೇಳುವವರ ಒಳಗೆ ಏನೂ ಏರುವುದಿಲ್ಲ.

ಇನ್ನು ಕೆಳಗಿನ ಸದ್ದು. ಟ್ರಾನ್ಸ್ ಬೆಳೆದು ಸೈಟ್ರಾನ್ಸ್ ಆದಾಗ ಅದರ ಬೆನ್ನೆಲುಬಾದದ್ದು ಒಂದು ಸರಳ ವಿನ್ಯಾಸ. ಒಂದು ಮಾತ್ರೆಯನ್ನು ನಾಲ್ಕು ಪಾಲು ಮಾಡಿ, ಮೊದಲ ಪಾಲಿಗೆ ಕಿಕ್ (ಡ್ರಮ್ಮಿನ ದೊಡ್ಡ ಏಟು), ಉಳಿದ ಮೂರಕ್ಕೆ ಬೇಸ್ (ಕೆಳಸ್ಥಾಯಿಯ ಸ್ವರ). 145ರ ಲಯದಲ್ಲಿ ಒಂದು ಪಾಲು 103 ಮಿಲಿಸೆಕೆಂಡು. ಕಿಕ್ ಅಷ್ಟರೊಳಗೆ ಪೂರ್ತಿ ಇಳಿದು ಹೋಗಿರಬೇಕು. 140 ಮಿಲಿಸೆಕೆಂಡಿನ ಕಿಕ್ ಹಾಕಿದರೆ ಅದರ ಬಾಲ ಮೊದಲ ಬೇಸಿನ ಮೇಲೆ ಬಿದ್ದು ಎರಡೂ ಕೆಸರಾಗುತ್ತವೆ. ಹೊಸದಾಗಿ ಮಾಡುವವರು ಇಲ್ಲೇ ಎಡವುತ್ತಾರೆ. ಬೇಸ್ ಸಾಲದು ಎನಿಸಿ ವಾಲ್ಯೂಮ್ ಏರಿಸುತ್ತಾರೆ, ಕಿಕ್ಕಿನ ಬಾಲ ಕತ್ತರಿಸುವುದನ್ನು ಮರೆಯುತ್ತಾರೆ.

ಇನ್ನೂ ಸೂಕ್ಷ್ಮದ್ದು ಒಂದಿದೆ. ಬೇಸಿನ ಸ್ವರ ಸಾಮಾನ್ಯವಾಗಿ ಇ, ಎಫ್ ಅಥವಾ ಜಿ. ಎಫ್ ಎಂದರೆ ಸುಮಾರು 43.6 ಹರ್ಟ್ಸ್, ಒಂದು ಅಲೆ ಮುಗಿಯಲು 23 ಮಿಲಿಸೆಕೆಂಡು. 80 ಮಿಲಿಸೆಕೆಂಡಿನ ಬೇಸ್ ಸ್ವರದಲ್ಲಿ ಮೂರೂವರೆ ಅಲೆ ಮಾತ್ರ ಹಿಡಿಯುತ್ತದೆ. ಇಷ್ಟು ಕಡಿಮೆ ಇರುವಾಗ ಅಲೆ ಎಲ್ಲಿಂದ ಶುರುವಾಗುತ್ತದೆ ಎಂಬುದೇ ಸದ್ದಿನ ಗುಣ ನಿರ್ಧರಿಸುತ್ತದೆ. ಸಿಂಥಸೈಜರಿನಲ್ಲಿ ಪ್ರತಿ ಸ್ವರಕ್ಕೂ ಅಲೆ ಒಂದೇ ಬಿಂದುವಿನಿಂದ ಏಳುವಂತೆ ಹೊಂದಿಸಬೇಕು. ಬಿಟ್ಟರೆ ಒಂದು ಏಟು ಗಟ್ಟಿ, ಮುಂದಿನದು ಪೊಳ್ಳು. ತಪ್ಪು ಸ್ಪೀಕರಿನದೆಂದು ದುಡ್ಡು ಸುರಿದವರಿದ್ದಾರೆ. 30 ಹರ್ಟ್ಸ್‌ಗಿಂತ ಕೆಳಗಿನದನ್ನು ತೆಗೆದುಹಾಕಿ, 120ಕ್ಕಿಂತ ಕೆಳಗಿನದನ್ನು ಮೋನೋ ಮಾಡಿ, ಅಂದರೆ ಎಡಬಲ ಸ್ಪೀಕರುಗಳಿಗೆ ಒಂದೇ ಸದ್ದು ಹೋಗಲಿ. ಇವೆರಡಕ್ಕೆ ಹೆಚ್ಚು ವಿವರಣೆ ಬೇಡ.

ಈ ಲೆಕ್ಕ ಯಾಕೆ ಹಾಕಿದೆ ಎಂದರೆ, ಬಯಲಿಗೂ ಕೋಣೆಗೂ ಇರುವ ವ್ಯತ್ಯಾಸ ಇದರಲ್ಲೇ ಅಡಗಿದೆ. ಬಯಲಿನಲ್ಲಿ ಗೋಡೆಯಿಲ್ಲ, ಸದ್ದು ಹೋದದ್ದು ಹೋಯಿತು. 103 ಮಿಲಿಸೆಕೆಂಡಿಗೊಂದರಂತೆ ಬರುವ ಏಟುಗಳು ಬಿಡಿಬಿಡಿಯಾಗಿ, ಕುದುರೆ ಓಡಿದ ಹಾಗೆ ಕೇಳುತ್ತವೆ. ಕಾಂಕ್ರೀಟು ಕೋಣೆಯಲ್ಲಿ ಬೇಸಿನ ಪ್ರತಿಧ್ವನಿ ಆರಲು ಒಂದು ಸೆಕೆಂಡಿಗಿಂತ ಹೆಚ್ಚು ಹೊತ್ತು ಹಿಡಿಯುವುದು ಮಾಮೂಲು. ಅಷ್ಟರಲ್ಲಿ ಹತ್ತು ಏಟು ಒಂದರ ಮೇಲೊಂದು ಬಿದ್ದಿರುತ್ತವೆ, ಕುದುರೆ ಓಟದ ಜಾಗದಲ್ಲಿ ಗಿರಣಿಯ ಸದ್ದು. ಹೌಸ್, ಟೆಕ್ನೊ ಎಂಬ ಕ್ಲಬ್ ಸಂಗೀತಗಳು ಈ ಕೋಣೆಯನ್ನು ತಡೆದುಕೊಳ್ಳುತ್ತವೆ. ಲಯ 124, 128ರ ಸುಮಾರು, ಬೇಸಿನ ಏಟು ಕಡಿಮೆ, ನಡುವೆ ಉಸಿರಾಡಲು ಜಾಗ. ಕಾನೂನು ಸಂಗೀತವನ್ನು ಒಳಗೆ ತಳ್ಳಿದಾಗ ಒಳಗೆ ಬಾಳುವ ಸಂಗೀತವೇ ಗೆದ್ದಿತು. ಗೋವಾದ ಕ್ಲಬ್ಬುಗಳಲ್ಲಿ ಈಗ ಟೆಕ್ನೊ ಹೆಚ್ಚು ಯಾಕೆ ಎಂದು ಕೇಳಿದರೆ ಜನರ ರುಚಿ ಬದಲಾಯಿತು ಎನ್ನುತ್ತಾರೆ. ರುಚಿ ಬದಲಾದದ್ದು ನಿಜ, ಆದರೆ ಗೋಡೆಯ ಪಾಲನ್ನು ಮರೆಯಬಾರದು.

ಕಾನೂನಿನ ಕತೆ ಚಿಕ್ಕದು. ಶಬ್ದ ಮಾಲಿನ್ಯ ನಿಯಮಗಳು 2000ದಲ್ಲಿ ಬಂದವು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ನಿಷಿದ್ಧ, ಮುಚ್ಚಿದ ಸಭಾಂಗಣಗಳಿಗೆ ವಿನಾಯಿತಿ. ವರ್ಷಕ್ಕೆ 15 ದಿನ ಮೀರದಂತೆ ಹಬ್ಬಗಳಿಗೆ ಮಧ್ಯರಾತ್ರಿಯವರೆಗೆ ಅನುಮತಿ ಕೊಡುವ ಅಧಿಕಾರ ರಾಜ್ಯಗಳಿಗಿದೆ. ಸುಪ್ರೀಂ ಕೋರ್ಟು 2005ರ ಜುಲೈ 18ರಂದು ಇದನ್ನು ಗಟ್ಟಿಮಾಡಿತು. ಅದಕ್ಕೆ ಮೊದಲು ಅಂಜುನಾದ ಬಿದಿರುಮೆಳೆಯಲ್ಲಿ, ವಾಗಾತೋರ್‌ನ ಡಿಸ್ಕೊ ಕಣಿವೆಯಲ್ಲಿ ಬೆಳಗಾಗುವವರೆಗೆ ನಡೆದದ್ದು, ನಂತರ ಹಿಲ್‌ಟಾಪ್, ಶಿವಾ ವ್ಯಾಲಿಯಂಥ ನಿಗದಿ ಜಾಗಗಳಿಗೆ, ನಿಗದಿ ಗಂಟೆಗಳಿಗೆ ಬಂದು ನಿಂತಿತು. ದಕ್ಷಿಣದ ಪಾಲೋಳೆಯಲ್ಲಿ ಎಲ್ಲರ ಕಿವಿಗೂ ಹೆಡ್‌ಫೋನ್ ಹಾಕಿ ಕುಣಿಸುವ ಉಪಾಯ ಬಳಕೆಗೆ ಬಂತು. ಬುದ್ಧಿವಂತಿಕೆಯೇ, ಆದರೆ ಎದೆಗೆ ತಾಗಬೇಕಾದ ಬೇಸ್ ಹೆಡ್‌ಫೋನಿನಲ್ಲಿ ಬರುವುದಿಲ್ಲ.

ನಿದ್ದೆಗೆಟ್ಟ ಹಳ್ಳಿಯವರ ದೂರು ಸುಳ್ಳಲ್ಲ, ಅದನ್ನು ಇಲ್ಲಿ ಒತ್ತಿ ಹೇಳಬೇಕು. ಸಂಗೀತವನ್ನು ಪ್ರೀತಿಸುವವರು ಸಾಮಾನ್ಯವಾಗಿ ಇದನ್ನು ತೇಲಿಸಿಬಿಡುತ್ತಾರೆ. ಲೆಕ್ಕ ನೋಡಿ: ಬೇಸ್ ಬಾಕ್ಸುಗಳ ಗುಡ್ಡೆ ಒಂದು ಮೀಟರ್ ದೂರದಲ್ಲಿ 125 ಡೆಸಿಬೆಲ್ ಕೊಡುತ್ತದೆ ಎನ್ನೋಣ. ದೂರ ಇಮ್ಮಡಿಯಾದಾಗೆಲ್ಲ 6 ಡೆಸಿಬೆಲ್ ಇಳಿಯುತ್ತದೆ. ಒಂದು ಕಿಲೋಮೀಟರ್ ಎಂದರೆ ಹತ್ತು ಸಲ ಇಮ್ಮಡಿ, ಅಲ್ಲಿಗೆ 65 ಉಳಿಯಿತು. ಈಗ ಅಧಿಕಾರಿ ಮೀಟರ್ ಹಿಡಿಯುತ್ತಾರೆ. ವಸತಿ ಪ್ರದೇಶದ ರಾತ್ರಿಯ ಮಿತಿ 45, ಆದರೆ ಎ ತೂಕದ ಡೆಸಿಬೆಲ್‌ನಲ್ಲಿ, ಅಂದರೆ ಕೆಳಸ್ಥಾಯಿಯ ಸದ್ದನ್ನು ಕಡಿಮೆ ಲೆಕ್ಕ ಹಾಕುವ ಅಳತೆಯಲ್ಲಿ. ಆ ತೂಕ 63 ಹರ್ಟ್ಸ್‌ನ ಸದ್ದಿನಿಂದ 26 ಡೆಸಿಬೆಲ್ ಕಳೆದುಬಿಡುತ್ತದೆ. ಮೀಟರ್ ತೋರಿಸುವುದು 39. ಕಾಗದದ ಮೇಲೆ ತಪ್ಪಿಲ್ಲ, ಮನೆಯೊಳಗೆ ಬೇಸ್ ಗುಂಯ್‌ಗುಡುತ್ತಿದೆ, ಮಗು ಎದ್ದು ಕೂತಿದೆ. ಮೇಲಾಗಿ ರಾತ್ರಿ ನೆಲದ ಹತ್ತಿರದ ಗಾಳಿ ತಣ್ಣಗಾಗಿ ಮೇಲಿನದು ಬೆಚ್ಚಗಿರುತ್ತದೆ, ಹಾಗಿದ್ದಾಗ ಮೇಲೆ ಹೋಗಬೇಕಾದ ಸದ್ದು ಬಾಗಿ ಮತ್ತೆ ನೆಲಕ್ಕೆ ಬರುತ್ತದೆ. ಹಗಲು ಇದು ತಿರುಗುಮುರುಗು. ರಾತ್ರಿ ಹತ್ತರ ನಿಯಮಕ್ಕೆ ಭೌತಶಾಸ್ತ್ರದ ಬೆಂಬಲವೂ ಇದೆ.

ಹಳೆಯ ಕೂಟಗಳಿಗೆ ಹಳ್ಳಿಯೊಡನೆ ಒಂದು ಕೊಡುಕೊಳ್ಳುವಿಕೆಯಿತ್ತು. ಊರ ಹೆಂಗಸರು ಸಂಜೆಗೇ ಚಾಪೆ ಹಾಸಿ, ಸೀಮೆಎಣ್ಣೆ ಸ್ಟೌ, ಬುಡ್ಡಿದೀಪ ಇಟ್ಟುಕೊಂಡು ಬೆಳಗಿನವರೆಗೆ ಚಹಾ, ಆಮ್ಲೆಟ್, ಬಾಳೆಹಣ್ಣು ಮಾರುತ್ತಿದ್ದರು. ಕುಣಿದು ದಣಿದವರು ಆ ಚಾಪೆಯ ಮೇಲೇ ಕೂರುತ್ತಿದ್ದರು. ನವೆಂಬರಿನಿಂದ ಮಾರ್ಚಿನವರೆಗಿನ ಆ ದುಡಿಮೆ ಎಷ್ಟೋ ಮನೆಗಳ ಮಳೆಗಾಲದ ಅಕ್ಕಿ. ದೊಡ್ಡ ಉತ್ಸವಗಳಲ್ಲಿ ಆ ಚಾಪೆಗೆ ಜಾಗವಿಲ್ಲ, ತಿನಿಸಿನ ಮಳಿಗೆಗಳು ಗುತ್ತಿಗೆ.

ಸನ್‌ಬರ್ನ್ ಎಂಬ ಎಲೆಕ್ಟ್ರಾನಿಕ್ ಸಂಗೀತೋತ್ಸವ 2007ರ ಡಿಸೆಂಬರಿನಲ್ಲಿ ಕಾಂದೋಳಿಯ ಕಡಲತೀರದಲ್ಲಿ ಶುರುವಾಯಿತು. 2013ರಲ್ಲಿ ಅದೇ ಕಾಂದೋಳಿಗೆ ಸೂಪರ್‌ಸಾನಿಕ್ ಎಂಬ ಇನ್ನೊಂದು ಉತ್ಸವ ಬಂತು. 2016ರಲ್ಲಿ ಸನ್‌ಬರ್ನ್ ಪುಣೆಗೆ ಹೋಯಿತು, ಕೆಲವು ವರ್ಷಗಳ ನಂತರ ವಾಗಾತೋರ್‌ಗೆ ಮರಳಿತು, 2024ರಲ್ಲಿ ಪೆಡ್ನೆ ತಾಲೂಕಿನ ಧಾರ್ಗಳದಲ್ಲಿ ನಡೆಯಿತು, 2025ರಲ್ಲಿ ಮುಂಬೈ ಸೇರಿತು. ಉತ್ಸವದಲ್ಲಿ ಒಬ್ಬ ಡಿಜೆಗೆ ಸಿಗುವುದು ಅರವತ್ತರಿಂದ ತೊಂಬತ್ತು ನಿಮಿಷ. ಎಂಟು ನಿಮಿಷದ ಹಾಡು ಏಳರಿಂದ ಹನ್ನೊಂದು ಹಾಕಿದರೆ ಸಮಯ ಮುಗಿಯಿತು. ಆದ್ದರಿಂದ ಹಾಡು ಚಿಕ್ಕದಾಗಬೇಕು, ಮೊದಲ ನಿಮಿಷದಲ್ಲೇ ಏರಬೇಕು, ಎರಡನೆಯದರಲ್ಲಿ ಸಿಡಿಯಬೇಕು. ಸಂಜೆ ಆರರಲ್ಲೂ ರಾತ್ರಿ ಒಂಬತ್ತರಲ್ಲೂ ಅದೇ ಎತ್ತರ. ಎಲ್ಲರೂ ಶಿಖರದಿಂದಲೇ ಹೊರಡುವಾಗ ಬೆಳಗಿನ ಸಂಗೀತಕ್ಕೆ ಕೆಲಸವೇ ಇಲ್ಲ. ಅದನ್ನು ಕೇಳಬೇಕಾದವರು ಈಗ ಪೋರ್ಚುಗಲ್ಲಿನ ಬೂಮ್ ಉತ್ಸವಕ್ಕೆ, ಹಂಗೇರಿಯ ಒಜೋರಾ ಉತ್ಸವಕ್ಕೆ ಟಿಕೆಟ್ ತೆಗೆಯುತ್ತಾರೆ. ಗೋವಾದ ಹೆಸರಿನ ಸಂಗೀತ ದಿನಗಟ್ಟಲೆ, ಬಯಲಿನಲ್ಲಿ, ನಿಲ್ಲದೆ ನಡೆಯುವುದು ಅಲ್ಲಿ.

ಈ ದಾರಿಯಲ್ಲಿ ಕರ್ನಾಟಕವೂ ಇತ್ತು. ಗೋವಾ, ಗೋಕರ್ಣ, ಹಂಪಿ ಒಂದೇ ಸುತ್ತು. ಗೋಕರ್ಣದ ಕುಡ್ಲೆ, ಓಂ, ಹಾಫ್‌ಮೂನ್ ತೀರಗಳಿಗೆ ಬಂದವರು ಗದ್ದಲ ಬೇಡವೆಂದೇ ಬಂದವರು, ಅಲ್ಲಿ ನಡೆದದ್ದು ಸಣ್ಣ ಕೂಟಗಳು. ತುಂಗಭದ್ರೆಯ ಆಚೆ ದಡದ ವಿರೂಪಾಪುರ ಗಡ್ಡೆ ಬಂಡೆಗಳ ನಡುವಿನ ತಂಗುದಾಣವಾಗಿತ್ತು. ಸುಪ್ರೀಂ ಕೋರ್ಟಿನ ತೀರ್ಪಿನ ನಂತರ 2020ರಲ್ಲಿ ಅಲ್ಲಿನ ರೆಸಾರ್ಟುಗಳನ್ನು ಕೆಡವಿದರು. ಪರಂಪರೆಯ ತಾಣದ ದೃಷ್ಟಿಯಿಂದ ಆ ತೀರ್ಪು ಸರಿ. ಅಂಜುನಾದ ಬುಧವಾರದ ಸಂತೆಯಲ್ಲಿ ಮಾತ್ರ ನಮ್ಮವರು ಇನ್ನೂ ಇದ್ದಾರೆ. ಉತ್ತರ ಕರ್ನಾಟಕದ ತಾಂಡಾಗಳಿಂದ ಹೋದ ಲಂಬಾಣಿ ಹೆಂಗಸರು ಕನ್ನಡಿ ಹೊಲಿದ ಚೀಲ, ದುಪಟಿ, ಬೆಳ್ಳಿಬಣ್ಣದ ಬಳೆ ಹರವಿಕೊಂಡು ಕೂರುತ್ತಾರೆ.

ಹಾಗಾದರೆ ಉದ್ದನೆಯ ಬಯಲು ಸಂಗೀತಕ್ಕೆ ಜಾಗವೇ ಇಲ್ಲವೇ? ಇದೆ, ಬೆಳಿಗ್ಗೆ ಆರಕ್ಕೆ. ನಿಯಮ ಹೇಳುವ ರಾತ್ರಿ ಆರಕ್ಕೆ ಮುಗಿಯುತ್ತದೆ, ಬೆಳಗಿನ ಸಂಗೀತ ಶುರುವಾಗಬೇಕಾದ ಹೊತ್ತೂ ಅದೇ. ಅನುಮತಿ ಪಡೆದು ಆರರಿಂದ ಸಂಜೆ ನಾಲ್ಕರವರೆಗೆ ಹತ್ತು ಗಂಟೆ ನಡೆಸಿದರೆ ಒಬ್ಬ ಡಿಜೆಗೆ ಮೂರು ಗಂಟೆ ಕೊಡಬಹುದು. ಸೂರ್ಯ ಏರಿದಂತೆ ನೆಲ ಕಾದು ಸದ್ದು ಮೇಲಕ್ಕೆ ಬಾಗುತ್ತದೆ, ದೂರಕ್ಕೆ ಹಾಯುವುದು ಕಡಿಮೆ. ಮಧ್ಯಾಹ್ನದ ಹೊತ್ತಿಗೆ ಕಡಲಿನಿಂದ ಗಾಳಿ ಊರಿನ ಕಡೆ ಬೀಸುತ್ತದೆ, ಆಗ ವಾಲ್ಯೂಮ್ ಇಳಿಸಬೇಕು.

ಸ್ಪೀಕರು ಕಡಲಿಗೆ ಮುಖ ಮಾಡಿರಲಿ. ಬೇಸ್ ಬಾಕ್ಸುಗಳನ್ನು ಎಡಕ್ಕೊಂದು ಬಲಕ್ಕೊಂದು ಗುಡ್ಡೆ ಹಾಕುವ ಅಭ್ಯಾಸ ಬಿಡಬೇಕು. 50 ಹರ್ಟ್ಸ್‌ನ ಅಲೆ ಏಳು ಮೀಟರ್ ಉದ್ದ, ಎರಡು ಕಡೆಯಿಂದ ಬಂದ ಅಲೆಗಳು ನಡುವೆ ಸೇರಿ ಗಟ್ಟಿಯಾಗುತ್ತವೆ, ಪಕ್ಕದಲ್ಲಿ ಒಂದನ್ನೊಂದು ನುಂಗುತ್ತವೆ. ಎಲ್ಲವನ್ನೂ ಮಧ್ಯಕ್ಕೆ ಸೇರಿಸಿ. ಮೂರು ಬಾಕ್ಸಿನಲ್ಲಿ ಒಂದನ್ನು ಹಿಂದಕ್ಕೆ ತಿರುಗಿಸಿ, ಅದರ ಧ್ರುವ (ಪ್ಲಸ್, ಮೈನಸ್) ಅದಲುಬದಲು ಮಾಡಿ, ತಯಾರಕರು ಹೇಳಿದಷ್ಟು ವಿಳಂಬ ಕೊಟ್ಟರೆ ಹಿಂಬದಿಯ, ಅಂದರೆ ಊರಿನ ಕಡೆಯ ಬೇಸ್ ಹತ್ತು ಡೆಸಿಬೆಲ್‌ಗಿಂತ ಹೆಚ್ಚು ಇಳಿಯುತ್ತದೆ. ಹತ್ತಿರದ ಮನೆಯ ಅಂಗಳದಲ್ಲಿ ಎ ತೂಕ ಮತ್ತು ಬೇಸನ್ನು ಅಷ್ಟಾಗಿ ಕಳೆಯದ ಸಿ ತೂಕ, ಎರಡರಲ್ಲೂ ಅಳೆಯಿರಿ. ಎರಡರ ನಡುವೆ 20 ಡೆಸಿಬೆಲ್ ಅಂತರ ಕಂಡರೆ, ಮೀಟರ್ ಏನೇ ಹೇಳಲಿ, ಆ ಮನೆಗೆ ಬೇಸ್ ನುಗ್ಗುತ್ತಿದೆ.

ವಿದ್ಯುತ್ತಿಗೆ ಎರಡು ಜನರೇಟರ್ ಇರಲಿ, ಸದ್ದಿಗೆ ಒಂದು, ದೀಪಕ್ಕೆ ಒಂದು. ಎರಡನ್ನೂ ಒಂದಕ್ಕೇ ಕಟ್ಟಿದರೆ ದೀಪದ ಬೆಳಕು ಏರಿಳಿಸುವ ಡಿಮ್ಮರಿನ ಕಿರಿಕಿರಿ ಸ್ಪೀಕರಿನಲ್ಲಿ ಕೇಳುತ್ತದೆ. 62.5 ಕೆವಿಎ ಜನರೇಟರ್ ಮುಕ್ಕಾಲು ಹೊರೆಯಲ್ಲಿ ಗಂಟೆಗೆ 11–12 ಲೀಟರ್ ಡೀಸೆಲ್ ಕುಡಿಯುತ್ತದೆ, ಹತ್ತು ಗಂಟೆಗೆ 120 ಲೀಟರ್ ಇಟ್ಟುಕೊಳ್ಳಿ. ಅರ್ಥಿಂಗ್ ಸಲಾಕೆಯ ವಿಷಯದಲ್ಲಿ ಗೋವಾ ಮೋಸ ಮಾಡುತ್ತದೆ: ಗುಡ್ಡದ ಮೇಲೆ ಕೆಂಪುಕಲ್ಲು, ಸಲಾಕೆ ಇಳಿಯುವುದಿಲ್ಲ; ಕೆಳಗೆ ಒಣಮರಳು, ಇಳಿದರೂ ಉಪಯೋಗವಿಲ್ಲ. ತೇವ ಸಿಗುವವರೆಗೆ ತೋಡಿ, ಉಪ್ಪು ಇದ್ದಿಲು ಹಾಕಿ, ನೀರು ಹೊಯ್ದು, ಅಳೆದು ನೋಡಿದ ಮೇಲೆಯೇ ಆಂಪ್ಲಿಫೈಯರ್ ಚಾಲೂ ಮಾಡಬೇಕು. ತೀರದಲ್ಲಿ ಆಮೆ ಮೊಟ್ಟೆಯಿಡುವ ಮೋರ್ಜಿ, ಆಗೊಂದದಂಥ ಕಡೆ ಈ ಯಾವುದನ್ನೂ ಯೋಚಿಸಬಾರದು.

ಇದಕ್ಕಿಂತ ಅವಸರದ ಕೆಲಸ ಇನ್ನೊಂದಿದೆ, ಹಳೆಯ ಟೇಪುಗಳು. ಅಂಜುನಾದ ಹಂಚಿನ ಮನೆಗಳ ಕಪಾಟುಗಳಲ್ಲಿ ಉಳಿದ ಡ್ಯಾಟ್‌ಗಳಿಗೆ ಈಗ ಮೂವತ್ತು ವರ್ಷ ದಾಟಿದೆ. ಸೋನಿ 2005ರಲ್ಲೇ ಯಂತ್ರಗಳ ತಯಾರಿಕೆ ನಿಲ್ಲಿಸಿತು. ಉಳಿದ ಯಂತ್ರಗಳ ರಬ್ಬರ್ ಗಾಲಿಗಳು ಗಟ್ಟಿಯಾಗಿ ಟೇಪನ್ನು ಅಗಿಯುತ್ತವೆ. ಟೇಪಿನ ಮೇಲೆ ಬಿಳಿ ಬೂಷ್ಟು ಕಂಡರೆ ಯಂತ್ರಕ್ಕೆ ಹಾಕಲೇಬೇಡಿ, ಒಂದು ಟೇಪಿನ ಬೂಷ್ಟು ಯಂತ್ರದ ತಲೆಗೆ (ಟೇಪು ಓದುವ ಹೆಡ್) ಅಂಟಿ ಮುಂದಿನ ಹತ್ತು ಟೇಪಿಗೆ ಹರಡುತ್ತದೆ. ಚೊಕ್ಕವಾಗಿದ್ದರೆ ಒಣಗಿದ ಕೋಣೆಯಲ್ಲಿ ಒಂದು ದಿನ ಇಡಿ. ಒಳಗಿನ ಡ್ರಮ್ ನಿಮಿಷಕ್ಕೆ 2,000 ಸುತ್ತು ತಿರುಗುತ್ತದೆ, ತೇವವಿದ್ದರೆ ಟೇಪು ಅದಕ್ಕೆ ಮೆತ್ತಿಕೊಳ್ಳುತ್ತದೆ. ಮೊದಲು ಪೂರ್ತಿ ಮುಂದಕ್ಕೆ, ಆಮೇಲೆ ಹಿಂದಕ್ಕೆ ಓಡಿಸಿ, ನಂತರ ನುಡಿಸಿ. ಹೆಡ್‌ಫೋನ್ ರಂಧ್ರದಿಂದ ತೆಗೆಯಬೇಡಿ, ಡಿಜಿಟಲ್ ತಂತಿಯಿಂದಲೇ ಕಂಪ್ಯೂಟರಿಗೆ ಇಳಿಸಿ, ಕಂಪ್ಯೂಟರು ಟೇಪಿನ ಗಡಿಯಾರವನ್ನು ಅನುಸರಿಸುವಂತೆ ಹೊಂದಿಸಿ. ಟೇಪು 48 ಕಿಲೋಹರ್ಟ್ಸ್ ಇದ್ದರೆ 48ರಲ್ಲೇ, 44.1 ಇದ್ದರೆ 44.1ರಲ್ಲೇ ಉಳಿಸಿ. ಡಬ್ಬಿಯೊಳಗಿನ ಕೈಬರಹದ ಚೀಟಿಯ ಫೋಟೊ ತೆಗೆಯಿರಿ, ಎಷ್ಟೋ ಹಾಡುಗಳ ಹೆಸರು ಇರುವುದು ಆ ಚೀಟಿಯಲ್ಲಿ ಮಾತ್ರ.

ಚೊಕ್ಕ ಟೇಪು, ಒಳ್ಳೆಯ ಯಂತ್ರ, ಆದರೂ ಸದ್ದು ಹರಿದು ಹರಿದು ಬರುತ್ತಿದೆ ಎಂದರೆ ಟೇಪು ಸತ್ತಿದೆ ಎಂದು ಎಸೆಯಬೇಡಿ. ಧ್ವನಿಮುದ್ರಿಸಿದ ಯಂತ್ರದ ತಲೆ ಕೂದಲೆಳೆಯಷ್ಟು ಓರೆಯಾಗಿದ್ದರೆ ಆ ಟೇಪು ಆ ಯಂತ್ರದಲ್ಲೇ ಸರಿಯಾಗಿ ನುಡಿಯುತ್ತದೆ, ಬೇರೆಯದರಲ್ಲಿ ಇಲ್ಲ. ಟೇಪು ಕೊಟ್ಟವರನ್ನು ಮತ್ತೊಮ್ಮೆ ಹುಡುಕಿಕೊಂಡು ಹೋಗಿ, ಇದನ್ನು ಮುದ್ರಿಸಿದ ಯಂತ್ರ ಈಗ ಯಾರ ಮನೆಯಲ್ಲಿದೆ ಎಂದು ಕೇಳಿ.